ಮಾಂಟ್ರಿಯಲ್ಲಿಗೆ ಹೊರಟ ಮೊದಲ ಕಂಟೇನರು

ಆಗಸ್ಟಿನ ಬಿಸಿಲಿಗೆ ಊರಿಗೆ ಊರೇ ಅಂಗಿಯ ಗುಂಡಿ ಬಿಚ್ಚಿಕೊಂಡು ಚೌಕದ ಮರದಡಿ ಏದುಸಿರು ಬಿಡುತ್ತಿರುವಾಗ, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕಾಫಿ ಅಂಗಡಿಗೆ ಬರುತ್ತಿದ್ದವನು ಆರ್ಗಿರಿಸ್ ಒಬ್ಬನೇ. ಚಳಿಗಾಲವೆಲ್ಲ ಶೀತಲ ಗೋದಾಮಿನಲ್ಲೇ ಕಳೆಯುವವನಿಗೆ ಟೋಪಿ ಬೇಕು, ಸರಿ. ಆದರೆ ಆಗಸ್ಟಿನಲ್ಲಿ ಗೋದಾಮು ಖಾಲಿ, ಯಂತ್ರ ಬಂದ್, ಹಾರುಹೊಡೆದ ಬಾಗಿಲಿನ ಹಿಂದೆ ಬೆಕ್ಕು ಮರಿ ಹಾಕಿರುತ್ತಿತ್ತು. ಯಾರಾದರೂ ಕೇಳಿದರೆ, "ತಲೆಯೊಳಗಿನ ತಂಪು ಆಚೆ ಹೋಗಬಾರದಲ್ಲ" ಅನ್ನುತ್ತಿದ್ದ. ಈಗ ಅವನೂ ಇಲ್ಲ, ಆ ಗೋದಾಮೂ ಇಲ್ಲ. ಆ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿದೆ. ಒಳಗೆ ಕೂತ ಹುಡುಗಿಯರು ಹಡಗು ಎಲ್ಲಿದೆ, ಹಣ್ಣಿನ ಮೈ ಎಷ್ಟು ತಣ್ಣಗಿದೆ ಎಂದು ಫೋನಿನಲ್ಲೇ ನೋಡಿಬಿಡುತ್ತಾರೆ. ಆರ್ಗಿರಿಸನ ಕಾಲದಲ್ಲಿ ಹಡಗು ಬಂದರು ಬಿಟ್ಟಿತೆಂದರೆ ದೇವರಿಗೆ ಒಪ್ಪಿಸಿದ ಹಾಗೆ. ಆಮೇಲೆ ನಿದ್ದೆ ಕೆಡಿಸಿಕೊಳ್ಳುವುದೊಂದೇ ಕೆಲಸ.

ಅವನ ಅಪ್ಪ ತಂಬಾಕು ಬೆಳೆಯುತ್ತಿದ್ದವರು. ಕತೆರೀನಿ ಪೇಟೆಯಿಂದ ಬರುತ್ತಿದ್ದ ಖರೀದಿದಾರ ಎಲೆಯ ಕಟ್ಟನ್ನು ಮೂಗಿನ ಹತ್ತಿರ ಹಿಡಿದು, ಸತ್ತ ಇಲಿ ಎತ್ತಿಕೊಂಡವನ ಹಾಗೆ ಮುಖ ಮಾಡಿ, ಒಂದು ಬೆಲೆ ಹೇಳುತ್ತಿದ್ದ. ಅಪ್ಪ ಆಗೋದಿಲ್ಲ ಅಂದರೆ ಜಗಳಕ್ಕೂ ಬರುತ್ತಿರಲಿಲ್ಲ. ಸುಮ್ಮನೆ ಕಾಫಿ ಕುಡಿಯುತ್ತ ಕೂರುತ್ತಿದ್ದ. ಹೊತ್ತು ಇಳಿಯುವುದರೊಳಗೆ ಅಪ್ಪನೇ ಎದ್ದು ಹೋಗಿ "ಆಯ್ತು" ಅನ್ನುತ್ತಿದ್ದರು. ಯಾರಿಗೆ ಕಾಯುವ ತಾಕತ್ತಿದೆಯೋ ಬೆಲೆ ಹೇಳುವವನು ಅವನೇ ಎಂಬುದು ಆರ್ಗಿರಿಸನ ತಲೆಗೆ ಆಗಲೇ ಹೊಕ್ಕಿತು. ಮುಂದೆ ತಂಬಾಕು ಮುಳುಗಿ, ಒಲಿಂಪಸ್ ಬೆಟ್ಟದ ಬುಡದ ನಮ್ಮ ಹೊಲಗಳಿಗೆಲ್ಲ ಕಿವಿಹಣ್ಣಿನ ಬಳ್ಳಿ ಬಂದಾಗ, ಊರಿನವರು ಬಳ್ಳಿಗೆ ದುಡ್ಡು ಹಾಕಿದರು. ಆರ್ಗಿರಿಸ್ ತಂಪಿಗೆ ಹಾಕಿದ. ತಂಪು ಅಂದರೆ ಅವನ ಲೆಕ್ಕದಲ್ಲಿ ಬೇರೇನೂ ಅಲ್ಲ, ದುಡ್ಡು ಕೊಟ್ಟು ಕೊಂಡ ತಾಳ್ಮೆ.

ಆದರೆ ತಾಳ್ಮೆಗೂ ಒಂದು ಮಿತಿ. ಹಣ್ಣು ಕೊಂಡು ಮ್ಯೂನಿಕ್‌ಗೆ ಒಯ್ಯುವ ಲಾರಿಯವರು ತಂಬಾಕಿನವನ ಮೊಮ್ಮಕ್ಕಳಂತೆ ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಕಾಫಿ ಕುಡಿಯುತ್ತಿದ್ದರು. ಗೋದಾಮಿನಲ್ಲಿ ಹಣ್ಣು ಎಷ್ಟು ತಿಂಗಳು ಬಾಳುತ್ತದೆ ಎಂದು ಅವರಿಗೂ ಗೊತ್ತು. ಕೊಳ್ಳುವವನು ಇನ್ನೊಬ್ಬ ಬೇಕು, ಅವನು ಸಮುದ್ರದ ಆಚೆ ಇದ್ದರೆ ಇನ್ನೂ ಒಳ್ಳೆಯದು ಎಂದು ಆರ್ಗಿರಿಸ್ ಯೋಚಿಸಿ ಯೋಚಿಸಿ, ಕೊನೆಗೆ ಮಾಂಟ್ರಿಯಲ್‌ನಲ್ಲಿ ಹಣ್ಣಿನ ಸಗಟು ಮಳಿಗೆ ಇಟ್ಟಿದ್ದ ತನ್ನ ಷಡ್ಡಕನಿಗೆ ಫೋನು ಮಾಡಿದ. ಷಡ್ಡಕನ ಹೆಸರು ಪೆರಿಕ್ಲಿಸ್. ಆರ್ಗಿರಿಸನ ಹೆಂಡತಿ ವಾಯಾಳ ತಂಗಿ ಎವಾಂಥಿಯಾಳ ಗಂಡ. ನಂಟಸ್ತನವನ್ನು ವ್ಯಾಪಾರದೊಳಗೆ ಬಿಟ್ಟುಕೊಳ್ಳುವ ಆಸಾಮಿಯಲ್ಲ.

"ಒಂದು ಕಂಟೇನರು ಕಳಿಸು ನೋಡೋಣ," ಅಂದ ಪೆರಿಕ್ಲಿಸ್. "ಕಲ್ಲಿನ ಹಾಗೆ ಬಂದ್ರೆ ನಿನ್ನ ಊರಿನ ಬೆಳೆ ಪೂರ್ತಿ ನಂದು. ಮೆತ್ತಗೆ ಬಂತೋ, ನಾವು ಬರೀ ಷಡ್ಡಕರು. ಹಬ್ಬಕ್ಕೊಂದು ಫೋನು, ಅಷ್ಟೇ."

ಆ ಮಾತನ್ನು ಆರ್ಗಿರಿಸ್ ಕಾಫಿ ಅಂಗಡಿಯಲ್ಲಿ ಹಾಗೇ ಹೇಳಿದ. ಬೆಳೆಗಾರರು ಗೊಣಗಿದರು, ನಕ್ಕರು, ಕೊನೆಗೆ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಗೊಣಗಿದವನು ಲಾಂಬ್ರೋಸ್. ಎಲ್ಲರಿಗಿಂತ ಹೆಚ್ಚು ಹಣ್ಣು ಅವನದೇ. "ನಿನ್ನ ಮಾತು ನಂಬಿ ಲಾರಿಯವನನ್ನ ವಾಪಸ್ ಕಳಿಸ್ತಾ ಇದೀವಿ, ಆರ್ಗಿರಿ," ಅಂದ. "ನೀರಿಗೆ ಬಿದ್ದರೆ ನಿನ್ನನ್ನೂ ಜೊತೆಗೇ ಎಳ್ಕೊಂಡು ಬೀಳ್ತೀವಿ."

ಥೆಸಲೋನಿಕಿ ಬಂದರಿನಿಂದ ಖಾಲಿ ಕಂಟೇನರು ಬಂದ ದಿನ ಶಾಲೆಗೆ ರಜೆ ಕೊಡದಿದ್ದರೂ ಮಕ್ಕಳು ರಜೆ ತೆಗೆದುಕೊಂಡರು. ಬಿಳೀ ಪೆಟ್ಟಿಗೆ, ಮೂತಿಯಲ್ಲಿ ಗುಂಯ್‌ಗುಡುವ ಯಂತ್ರ, ತೋಳು ದಪ್ಪದ ವೈರು. ಆರ್ಗಿರಿಸ್ ಎಲ್ಲರಿಗೂ ಅದೇ ಪಾಠ ಹೇಳಿದ: "ಇದು ತಂಪು ಮಾಡಲ್ಲ, ತಂಪು ಕಾಯತ್ತೆ. ನಾವು ಬಿಸಿ ಹಣ್ಣು ಕೊಟ್ರೆ ಅದನ್ನೇ ಕಾಯ್ಕೊಂಡು ಹೋಗತ್ತೆ." ಹಾಗಾಗಿ ಹಣ್ಣನ್ನು ಮೊದಲೇ ಗೋದಾಮಿನಲ್ಲಿ ಸೊನ್ನೆ ಡಿಗ್ರಿಗೆ ಇಳಿಸಿಟ್ಟಿದ್ದ. ಇನ್ನೊಂದು ಪಾಠ ಸೇಬಿನದು. ಕಿವಿಹಣ್ಣು ಬೇಗ ತಿನ್ನಬೇಕೆಂದರೆ ನಮ್ಮ ಹೆಂಗಸರು ಅದನ್ನು ಸೇಬಿನ ಜೊತೆ ಚೀಲದಲ್ಲಿ ಕಟ್ಟಿ ಹಣ್ಣಿಗೆ ಹಾಕುತ್ತಾರೆ. ಸೇಬಿನ ಉಸಿರು ತಗುಲಿದರೆ ಸಾಕು, ಕಿವಿಹಣ್ಣು ಕರಗಿ ಕೂರುತ್ತದೆ. ಅದಕ್ಕೇ ಆರ್ಗಿರಿಸನ ಅಂಗಳದಲ್ಲಿ ಸೇಬು ನಿಷಿದ್ಧ. ಕೆಲಸದ ಹೆಂಗಸರ ಊಟದ ಬುಟ್ಟಿಗಳನ್ನೂ ಮೂಸಿ ನೋಡುತ್ತಿದ್ದ. "ನಮ್ಮತ್ತೆ ಕೂಡ ಇಷ್ಟು ಅನುಮಾನ ಪಡಲ್ಲ" ಎಂದು ಅವರು ಅಣಕಿಸುತ್ತಿದ್ದರು.

ಅವನು ಲೆಕ್ಕ ಹಾಕದೆ ಬಿಟ್ಟದ್ದು ಊರಿನ ಒಂದು ಅಭ್ಯಾಸವನ್ನು. ನಮ್ಮಲ್ಲಿ ಚಕ್ರವಿದ್ದದ್ದು ಯಾವುದೇ ಹೊರಡಲಿ, ಅದರ ಕೈಯಲ್ಲಿ ಒಂದು ಪೊಟ್ಟಣ ಕೊಡದೆ ಕಳಿಸುವುದಿಲ್ಲ. ಥೆಸಲೋನಿಕಿಯಲ್ಲಿ ಓದುವ ಮಕ್ಕಳಿಗೆ ಬಸ್ಸಿನ ಡ್ರೈವರನೇ ಬೇಯಿಸಿದ ಕೋಳಿ ತಲುಪಿಸುತ್ತಾನೆ. ಹಾಗಿರುವಾಗ ಒಂದು ಮನೆಯಷ್ಟು ಉದ್ದದ ಪೆಟ್ಟಿಗೆ, ಅದೂ ಊರಿನ ಅರ್ಧ ಮಕ್ಕಳು ವಲಸೆ ಹೋದ ದೇಶಕ್ಕೇ ಹೊರಟಿದೆ! ಬೆಳಿಗ್ಗೆಯಿಂದಲೇ ಗೇಟಿನಲ್ಲಿ ಸಾಲು. ಒಬ್ಬಳ ಕೈಯಲ್ಲಿ ಮೊಮ್ಮಗನ ಕಾಲುಚೀಲ, ಇನ್ನೊಬ್ಬನ ಕೈಯಲ್ಲಿ ಮನೆಯಲ್ಲೇ ಇಳಿಸಿದ ಚಿಪುರೊ ಸಾರಾಯಿಯ ಬಾಟಲಿ. ಲಾಂಬ್ರೋಸನ ತಾಯಿ ಸಣ್ಣ ಮಗನಿಗೆಂದು ಒಣ ಅಂಜೂರದ ಪೊಟ್ಟಣ ತಂದಿದ್ದಳು.

"ಇದು ಬಸ್ಸಲ್ಲ ಕಣ್ರೀ!" ಎಂದು ಕೂಗಿ ಕೂಗಿ ಆರ್ಗಿರಿಸನ ಗಂಟಲು ಒಡೆಯಿತು.

"ಬಸ್ಸಿಗಿಂತ ದೊಡ್ಡದಾಗಿದೆಯಲ್ಲೋ ಮಗಾ," ಅಂದಳು ಲಾಂಬ್ರೋಸನ ತಾಯಿ.

"ದೊಡ್ಡದಾದ್ರೆ? ಸೀಲು ಹಾಕೋ ಪೆಟ್ಟಿಗೆ ಇದು. ನಿಮ್ಮದಕ್ಕೆ ಹೂಂ ಅಂದ್ರೆ ಊರಿಗೆಲ್ಲ ಹೂಂ ಅನ್ಬೇಕು."

ಆಕೆ ಪೊಟ್ಟಣವನ್ನು ಎದೆಗವಚಿಕೊಂಡು ವಾಪಸ್ಸು ಹೋದಳು. ಎಲ್ಲರೂ ಹೋದರು. ಕೊನೆಗೆ, ಪೆಟ್ಟಿಗೆ ತುಂಬಿ ಬಾಗಿಲ ಹತ್ತಿರ ಒಂದು ಮೊಳ ಜಾಗ ಉಳಿದಿದ್ದಾಗ ಬಂದವಳು ಸುಲ್ತಾನಾ ಅಜ್ಜಿ, ಆರ್ಗಿರಿಸನ ಅತ್ತೆ. ಕಂಕುಳಲ್ಲಿ ಒಂದು ಬುಟ್ಟಿ, ಮೇಲೆ ಇಸ್ತ್ರಿ ಮಾಡಿದ ಬಟ್ಟೆ.

"ಆರ್ಗಿರಿ, ನನ್ನಪ್ಪಾ, ಈ ಡಬ್ಬಿ ಎವಾಂಥಿಯಾ ಊರಿಗೇ ಅಲ್ವಾ ಹೋಗೋದು?"

"ಅವಳ ಗಂಡನ ಮಳಿಗೆಗೇ ಹೋಗತ್ತೆ, ಅತ್ತೆ."

"ಹಾಗಾದ್ರೆ ಅವಳ ಕೈಗೇ ಸಿಗತ್ತೆ."

"ಏನು ಸಿಗತ್ತೆ? ಬಟ್ಟೆ ತೆಗೀರಿ ನೋಡೋಣ. ಸೇಬಲ್ಲ ತಾನೇ?"

"ಕಣ್ಣು ಕಾಣಲ್ವೇನೋ? ಕಿದೋನಿ."

ಕಿದೋನಿ ಸೇಬಿನ ದಾಯಾದಿ. ಹಳದಿ ಬಣ್ಣ, ಮೈಮೇಲೆ ನವಿರು ರೋಮ; ಹಸಿ ಕಚ್ಚಿದರೆ ನಾಲಿಗೆ ಒಣಗಿಸುವ ಒಗರು, ಪಾಕದಲ್ಲಿ ಬೆಂದರೆ ಕೆಂಪು ಹರಳು. ಅದಕ್ಕಿಂತ ಹೆಚ್ಚಾಗಿ ಅದರ ಪರಿಮಳ. ನಮ್ಮ ಕಡೆ ಬಟ್ಟೆಯ ಪೆಟ್ಟಿಗೆಯಲ್ಲಿ ಒಂದೆರಡು ಕಿದೋನಿ ಇಟ್ಟರೇನೇ ಪೆಟ್ಟಿಗೆ ಮುಚ್ಚಿದ ಹಾಗೆ. ಆರ್ಗಿರಿಸನ ಮದುವೆಯ ಕೋಟು, ವಾಯಾಳ ಹಾಸಿಗೆ ಹೊದಿಕೆ, ಅವನ ಅಪ್ಪನ ಸಿಪಾಯಿ ಅಂಗಿ, ಎಲ್ಲ ಆ ವಾಸನೆಯಲ್ಲೇ ಕೆಡದೆ ಉಳಿದವು. ಎವಾಂಥಿಯಾ, ಫೋಟೋದಲ್ಲಷ್ಟೇ ನೋಡಿದ ಪೆರಿಕ್ಲಿಸನನ್ನು ಮದುವೆಯಾಗಲು ಪಿರೇಯಸ್ ಬಂದರಿನಲ್ಲಿ ಹಡಗು ಹತ್ತಿದಾಗಲೂ ಅವಳ ಪೆಟ್ಟಿಗೆಯ ಮೂಲೆಮೂಲೆಗೆ ಅಜ್ಜಿ ಕಿದೋನಿ ತುಂಬಿದ್ದಳು. ಅಂದಿನಿಂದ ತಾಯಿ ಮಗಳು ಮುಖ ನೋಡಿರಲಿಲ್ಲ.

ಆರ್ಗಿರಿಸನ ತಲೆಯಲ್ಲಿ ಸೇಬು ಅಂದರೆ ಕೆಡಿಸುವ ಹಣ್ಣು. ಕಿದೋನಿ ಅಂದರೆ ಕಾಯುವ ಹಣ್ಣು. ಅಷ್ಟು ಮೂಸಿ ನೋಡುವ ಮನುಷ್ಯನಿಗೆ ಇವೆರಡೂ ಒಂದೇ ಮನೆತನ ಎಂಬುದು ಹೊಳೆಯಲೇ ಇಲ್ಲ. ಅತ್ತಿತ್ತ ನೋಡಿದ, ಗೇಟಿನಲ್ಲಿ ಯಾರೂ ಇರಲಿಲ್ಲ. ಬುಟ್ಟಿಯನ್ನು ತಾನೇ ಮೇಲೆತ್ತಿ ಬಾಗಿಲ ಹತ್ತಿರ, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ, ಅಲುಗದ ಹಾಗೆ ಕೂರಿಸಿದ. ದೂರದ ದಾರಿಯಲ್ಲಿ ಹಣ್ಣು ಒಣಗಿ ಸುಕ್ಕಾಗಬಾರದೆಂದು ಪೆಟ್ಟಿಗೆಯ ಗಾಳಿ ಕಿಂಡಿಯನ್ನೂ ಮುಚ್ಚಿದ. ಬಾಗಿಲು ಹಾಕಿ, ಸೀಲು ಒತ್ತಿ, ಶಿಲುಬೆಯ ಗುರುತು ಮಾಡಿಕೊಂಡ.

ಹಡಗು ಸಾಗರ ದಾಟುವಷ್ಟು ದಿನವೂ ಪೆಟ್ಟಿಗೆಯೊಳಗಿನ ಅದೇ ಗಾಳಿ ನೆಲದಡಿಯಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸುತ್ತುತ್ತಲೇ ಇತ್ತು. ಸುತ್ತಿದಾಗಲೆಲ್ಲ ಕಿದೋನಿಯ ಉಸಿರನ್ನು ಹೊತ್ತುಕೊಂಡು.

ಫೋನು ಬಂದಾಗ ಆರ್ಗಿರಿಸ್ ಗೋದಾಮಿನ ಮೇಜಿನ ಮೇಲೆ ಬ್ರೆಡ್ಡು, ಫೆಟಾ ಚೀಸು ಇಟ್ಟುಕೊಂಡಿದ್ದ.

"ನಮಸ್ಕಾರ ಷಡ್ಡಕರೇ," ಅಂದ ಪೆರಿಕ್ಲಿಸ್, ಬಹಳ ಮರ್ಯಾದೆಯಿಂದ. ಏನೋ ಕೆಟ್ಟಿದೆ ಎಂದು ಆರ್ಗಿರಿಸನಿಗೆ ಅಲ್ಲೇ ಅರ್ಥವಾಯಿತು. "ನಾನು ಕೇಳಿದ್ದು ಕಿವಿಹಣ್ಣು. ನೀನು ಜಾಮು ಕಳಿಸಿದೀಯ."

"ಏನಾಯ್ತು?"

"ಏನಾಯ್ತಾ? ಬಾಗಿಲು ತೆಗೆದ ಕೂಡಲೇ ನಮ್ಮಮ್ಮನ ಅಟ್ಟದ ವಾಸನೆ ಹೊಡೀತು. ದೇವರಾಣೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಹಣ್ಣಿನ ರಟ್ಟು ಬಿಚ್ಚಿದೆ. ಇನ್ನೂ ಜಾಸ್ತಿ ಬಂತು."

ಆರ್ಗಿರಿಸ್ ಚೀಸಿನ ತಟ್ಟೆಯನ್ನು ದೂರ ಸರಿಸಿದ. ಯಾಕೆ ಎಂದು ಕೇಳಬೇಕಾಗಿರಲಿಲ್ಲ. ವಾಸನೆ ಅಂದ ಕೂಡಲೇ ಸೇಬಿನ ಚೀಲವೂ ಕಿದೋನಿಯ ಬುಟ್ಟಿಯೂ ಅವನ ತಲೆಯಲ್ಲಿ ಅಕ್ಕಪಕ್ಕ ಬಂದು ಕೂತಿದ್ದವು.

"ಎಷ್ಟು ಹೋಯ್ತು?"

"ಅರ್ಧಕ್ಕರ್ಧ. ಮೆತ್ತಗಿನದನ್ನ ಸಿಹಿ ಅಂಗಡಿಯವರಿಗೆ ಹಾಕ್ತಾ ಇದೀನಿ. ಅವರು ನನ್ನ ಮುಖ ನೋಡಿ ಬೆಲೆ ಹೇಳ್ತಾ ಇದಾರೆ. ಅಲ್ಲಯ್ಯಾ, ಅತ್ತೆ ಕಳಿಸಿದ್ದು ಅಂತ ನಂಗೆ ಗೊತ್ತು, ಆ ಬಟ್ಟೆ ನೋಡಿದ್ರೆ ಗೊತ್ತಾಗಲ್ವಾ? ನಿನ್ನ ನಾದಿನಿ ಆ ಹಣ್ಣನ್ನ ಮಂಚದ ಕೆಳಗೆ ಸಾಲಾಗಿ ಜೋಡಿಸಿಕೊಂಡಿದಾಳೆ. ಬೇಯಿಸಲ್ಲ, ನಂಗೂ ಮುಟ್ಟಕ್ಕೆ ಬಿಡಲ್ಲ. ಮನೇಲಿ ಅವಳು ಹಾಡ್ಕೊಂಡಿದಾಳೆ, ಮಳಿಗೇಲಿ ನಾನು ಬಾಯಿ ಬಡ್ಕೊಳ್ತಾ ಇದೀನಿ."

"ಇನ್ನೊಂದು ಕಂಟೇನರು ತಗೋ, ಪೆರಿಕ್ಲಿ. ಗೋದಾಮಿನಲ್ಲಿ ಹಣ್ಣು ಕಲ್ಲಿನ ಹಾಗೇ ಇದೆ."

"ಇನ್ನೊಂದೇ ಒಂದು," ಅಂದ ಪೆರಿಕ್ಲಿಸ್. "ಆದ್ರೆ ಊರಿನವರ ಮುಂದೆ ನಿಜ ಹೇಳು. ಏನು ಇಟ್ಟಿದ್ದು, ಏನಾಯ್ತು, ಎಲ್ಲ. ನೀನು ಮುಚ್ಚಿಟ್ಟರೆ ಮುಂದಿನ ಸಲ ಇನ್ನೊಬ್ಬ ಅಳಿಯ, ಇನ್ನೊಬ್ಬ ಅತ್ತೆ, ಇನ್ನೊಂದು ಬುಟ್ಟಿ. ಅದೂ ಮೆತ್ತಗೆ ಬಂದ್ರೆ ನಿನ್ನ ಹೆಸರೇ ಮರೀತೀನಿ."

ನಿಜ ಹೇಳುವುದು ಕಷ್ಟವಾಗಿರಲಿಲ್ಲ. ಯಾವ ನಿಜ ಎಂಬುದು ಕಷ್ಟ. ನಮ್ಮೂರಿನಲ್ಲಿ ಒಂದು ಹೆಸರು ಅಂಟಿತೆಂದರೆ ಗೋರಿಯ ಕಲ್ಲಿನವರೆಗೂ ಬರುತ್ತದೆ. ಕುರಿ ಬಾವಿಗೆ ಬೀಳಿಸಿದವನ ಮೊಮ್ಮಗನನ್ನು ಇವತ್ತಿಗೂ ಬಾವಿಯವನು ಅನ್ನುತ್ತಾರೆ. 'ಊರಿನ ಬೆಳೆ ಹಾಳುಮಾಡಿದ ಸುಲ್ತಾನಾ' ಎಂದು ಅನ್ನಿಸಿಕೊಂಡು ಅತ್ತೆ ಚರ್ಚಿಗೆ ಹೋಗಬೇಕೇ? ವಾಯಾ ರಾತ್ರಿಯೂಟಕ್ಕೆ ಬಡಿಸುತ್ತ, "ಅಮ್ಮನ ಹೆಸರು ಎತ್ತಿದ್ರೆ ನಾನು ನಿನಗೆ ಈ ಜನ್ಮದಲ್ಲಿ ಕಾಫಿ ಮಾಡಿಕೊಡಲ್ಲ," ಅಂದಳು. ಹೆಂಡತಿಯ ಬಾಯಲ್ಲಿ ಇದು ಕಡಿಮೆ ಬೆದರಿಕೆಯಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಕಾಫಿ ಅಂಗಡಿ ತುಂಬಿತ್ತು. ಮ್ಯೂನಿಕ್ ಲಾರಿಯವನೂ ಬಂದಿದ್ದ. ಸುದ್ದಿಯ ವಾಸನೆ ಅವನಿಗೂ ಹೊಡೆದಿತ್ತು. ಮೂಲೆಯಲ್ಲಿ ಕಾಲು ಚಾಚಿ ಆರಾಮಾಗಿ ಕೂತಿದ್ದ. ಆರ್ಗಿರಿಸ್ ಕೂರಲಿಲ್ಲ.

"ಅರ್ಧ ಹಣ್ಣು ಮೆತ್ತಗಾಯ್ತು," ಅಂದ. "ಯಂತ್ರದ ತಪ್ಪಲ್ಲ, ಹಡಗಿನವರ ತಪ್ಪಲ್ಲ. ನಾದಿನಿಗೆ ಅಂತ ನಾನೊಂದು ಬುಟ್ಟಿ ಕಿದೋನಿ ಒಳಗೆ ಇಟ್ಟೆ. ಸೇಬು ಮಾಡೋದನ್ನೇ ಅದೂ ಮಾಡ್ತು. ಗಾಳಿ ಕಿಂಡಿ ಮುಚ್ಚಿದ್ದೂ ನಾನೇ."

ಬೈಗುಳ ಬರುತ್ತದೆಂದು ಅವನು ಕಾದ. ಆಮೇಲೆ ಲಾಂಬ್ರೋಸ್ ನಿಧಾನವಾಗಿ ಎದ್ದು ನಿಂತ.

"ಹಣ್ಣು ಹೋಗ್ಲಿ," ಅಂದ. "ಆಲಿಕಲ್ಲು ಬಿದ್ದಾಗಲೂ ಹೋಗತ್ತೆ. ಆದ್ರೆ ನನ್ನ ತಾಯಿ ತಂದ ಅಂಜೂರದ ಪೊಟ್ಟಣ ವಾಪಸ್ ಕಳಿಸಿದೆಯಲ್ಲೋ! 'ಇದು ಬಸ್ಸಲ್ಲ' ಅಂದೆ! ಅವಳು ಅವತ್ತು ಊಟ ಮಾಡ್ಲಿಲ್ಲ ಗೊತ್ತಾ? ನಮಗೆಲ್ಲ ಅದು ಸೀಲು ಹಾಕೋ ಪೆಟ್ಟಿಗೆ, ನಿನ್ನ ಮನೆಯವರಿಗೆ ಮಾತ್ರ ಬಸ್ಸಾ?"

ಈಗ ಎಲ್ಲರ ಬಾಯಿ ಬಿಚ್ಚಿತು. ಕಾಲುಚೀಲದವಳ ಗಂಡ ಕೂಗಿದ, ಚಿಪುರೊ ಬಾಟಲಿಯವನು ಮೇಜು ಗುದ್ದಿದ. ಇಷ್ಟೊಂದು ಜನಕ್ಕೆ ಬೆಳೆಗಿಂತ ಪೊಟ್ಟಣದ್ದೇ ನೋವಾಗಿದೆ ಎಂಬುದು ಆರ್ಗಿರಿಸನಿಗೆ ಆಗ ಗೊತ್ತಾಯಿತು. ಲಾರಿಯವನು ಇನ್ನೊಂದು ಕಾಫಿ ತರಿಸಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಸುಲ್ತಾನಾ ಅಜ್ಜಿ. ಆ ವಯಸ್ಸಿನ ಹೆಂಗಸು ಗಂಡಸರ ಕಾಫಿ ಅಂಗಡಿಗೆ ಕಾಲಿಟ್ಟದ್ದನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ. ಆಟದ ಮಣೆಯ ಮೇಲೆ ದಾಳ ಹಾಗೇ ನಿಂತಿತು.

"ಅವನು ಸುಳ್ಳು ಹೇಳ್ತಾನೆ," ಅಂದಳು. "ನನ್ನ ಕಿದೋನಿ. ಅವನು ಬೇಡ ಬೇಡ ಅಂತ ಬಡ್ಕೊಂಡ. ಅವನು ಆ ಕಡೆ ಹೋದಾಗ ಕದ್ದು ಇಟ್ಟೆ."

"ಅತ್ತೆ, ಮನೆಗೆ ನಡೀರಿ. ನಾನೇ ಇಟ್ಟಿದ್ದು."

"ನೀನು ಬಾಯ್ಮುಚ್ಚು. ದೊಡ್ಡವರು ಮಾತಾಡ್ತಾ ಇದೀವಿ."

ಯಾರೋ ಕಿಸಕ್ಕನೆ ನಕ್ಕರು. ಲಾಂಬ್ರೋಸ್ ಮಾತ್ರ ನಗಲಿಲ್ಲ. "ಅಜ್ಜಿ, ಆ ಪೆಟ್ಟಿಗೆ ಬಾಗಿಲು ನಿಮ್ಮ ತಲೆಗಿಂತ ಎತ್ತರ. ಬುಟ್ಟಿ ಹಿಡ್ಕೊಂಡು ಹೇಗೆ ಹತ್ತಿದ್ರಿ?"

"ಮಗಳ ಹತ್ರ ಹೋಗೋದು ಅಂದ್ರೆ ಒಲಿಂಪಸ್ ಬೇಕಾದ್ರೂ ಹತ್ತೀನಿ. ನಿನ್ನಮ್ಮನ್ನ ಕೇಳು, ಅವಳೂ ಹತ್ತುತಾಳೆ."

ಲಾಂಬ್ರೋಸ್ ಕೂತ. ಅವನ ತಮ್ಮನೂ ಮಾಂಟ್ರಿಯಲ್‌ನಲ್ಲೇ ಇದ್ದ. ತಂದೆಯ ಮಣ್ಣಿಗೂ ಬರಲಾಗಿರಲಿಲ್ಲ. ಲೋಟದ ತಳ ನೋಡುತ್ತ ಕೇಳಿದ, "ಸಿಕ್ತಂತಾ ಅವಳಿಗೆ?"

"ಸಿಕ್ತಂತೆ," ಅಂದ ಆರ್ಗಿರಿಸ್. "ಮಂಚದ ಕೆಳಗೆ ಜೋಡಿಸಿಕೊಂಡಿದಾಳಂತೆ."

"ಬೇಯಿಸ್ಲಿಲ್ವಾ?"

"ಇಲ್ವಂತೆ."

ಲಾಂಬ್ರೋಸ್ ಮೂಗು ಒರೆಸಿಕೊಂಡು, ಅದು ನೆಗಡಿ ಅನ್ನಿಸುವ ಹಾಗೆ ಜೋರಾಗಿ ಕೆಮ್ಮಿದ. "ಬೇರೆ ಮನೆಗಳಲ್ಲಿ ಹೊಲಕ್ಕೆ ಜಗಳ ಆಡ್ತಾರೆ. ಇವರು ನೋಡಿ, ತಪ್ಪಿಗೆ ಜಗಳ ಆಡ್ತಾ ಇದಾರೆ. ಸರಿ, ನನ್ನ ಹಣ್ಣು ಗೋದಾಮಿನಲ್ಲೇ ಇರ್ಲಿ. ಆದ್ರೆ ತುಂಬೋ ದಿನ ನಾವೆಲ್ಲ ಗೇಟಲ್ಲಿ ಇರ್ತೀವಿ. ಎಲ್ಲರ ಜೇಬೂ ನೋಡ್ತೀವಿ. ಮೊದಲು ನಿಂದು."

ನಾಲ್ಕೈದು ಮನೆಯವರು ಅವತ್ತೇ ಹಣ್ಣನ್ನು ಲಾರಿಗೆ ಹಾಕಿದರು. ತಪ್ಪು ಅನ್ನುವಂತಿರಲಿಲ್ಲ. ಉಳಿದವರದು ಒಂದು ಕಂಟೇನರಿಗೆ ಸರಿಯಾಗಿ ಸಾಕಾಯಿತು.

ಎರಡನೆಯ ಪೆಟ್ಟಿಗೆ ತುಂಬಿದ ದಿನವನ್ನು ನೆನೆಸಿಕೊಂಡರೆ ಊರಿನ ಹಳಬರು ಈಗಲೂ ನಗುತ್ತಾರೆ. ಗೇಟಿನಲ್ಲಿ ಆರ್ಗಿರಿಸ್ ಮೊದಲು ಜೇಬು ಹೊರಗೆಳೆದು ತೋರಿಸಿದ. ಅವನ ಹಿಂದೆ ಲಾಂಬ್ರೋಸ್, ಅವನ ಹಿಂದೆ ಕೆಲಸದ ಹೆಂಗಸರು. ಪೆಟ್ಟಿಗೆಗೆ ಪವಿತ್ರ ಜಲ ಚಿಮುಕಿಸಲು ಬಂದ ಪಾದ್ರಿಗಳ ನಿಲುವಂಗಿಯ ಜೇಬಿನಿಂದ ಒಂದು ಕೆಂಪು ಸೇಬು ಹೊರಬಿತ್ತು. "ಮಧ್ಯಾಹ್ನಕ್ಕೆ ಅಂತ ಇಟ್ಕೊಂಡಿದ್ದೆ ಕಣ್ರೋ," ಅಂದರು ಪಾಪ. ಗೇಟಿನ ಆಚೆ ನಿಂತು, ಎಲ್ಲರ ಕಣ್ಣೆದುರಿಗೆ, ಬೀಜದ ಸಮೇತ ತಿಂದು ಮುಗಿಸಿದ ಮೇಲೆಯೇ ಅವರಿಗೆ ಒಳಗೆ ಪ್ರವೇಶ.

ಸುಲ್ತಾನಾ ಅಜ್ಜಿಯ ಸರದಿ ಬಂದಾಗ ಲಾಂಬ್ರೋಸ್ ಮುಖ ಆ ಕಡೆ ತಿರುಗಿಸಿಕೊಂಡ. ಆಕೆಯೇ ಏಪ್ರನ್ನಿನ ಎರಡೂ ಜೇಬುಗಳನ್ನು ಒಳಗು ಹೊರಗು ಮಾಡಿ ತೋರಿಸಿದಳು: ಒಂದು ಕರವಸ್ತ್ರ, ಅಷ್ಟೇ. ಬಾಗಿಲು ಮುಚ್ಚಿ ಸೀಲು ಬಿದ್ದ ಮೇಲೂ ಹೋಗದೆ ನಿಂತಿದ್ದಳು. ಆಮೇಲೆ ಹತ್ತಿರ ಬಂದು ತಣ್ಣನೆಯ ಬಾಗಿಲಿನ ಕೆಳ ಅಂಚಿನ ಮೇಲೆ ಅಂಗೈ ಇಟ್ಟಳು.

"ಅಲ್ಲಿ ಈ ಬಾಗಿಲು ತೆಗೆಯೋವಾಗ ಎವಾಂಥಿಯಾ ಇರ್ತಾಳಾ?"

"ಅವಳ ಗಂಡ ಇರ್ತಾನೆ, ಅತ್ತೆ."

"ಅವಳಿಗೂ ಬಾ ಅಂತ ಹೇಳು. ಇಲ್ಲೇ ಮುಟ್ಟಲಿ. ಇದಕ್ಕೇನೂ ಕೆಡಲ್ವಲ್ಲ?"

"ಇದಕ್ಕೇನೂ ಕೆಡಲ್ಲ," ಅಂದ ಆರ್ಗಿರಿಸ್. ಹಡಗು ಹೊರಟ ಸುದ್ದಿ ಹೇಳುವ ಫೋನಿನಲ್ಲಿ, ಸೊನ್ನೆ ಡಿಗ್ರಿ, ಕಿಂಡಿ ಕಾಲು ಭಾಗ ತೆರೆದಿದೆ, ಇತ್ಯಾದಿ ಒದರಿದ ಮೇಲೆ, ಅದೇ ದನಿಯಲ್ಲಿ, ಎಡಗಡೆ ಬಾಗಿಲು, ಕೆಳ ಅಂಚು ಎಂದೂ ಸೇರಿಸಿದ.

ಆಮೇಲೆ ಎಂದಿನಂತೆ ನಿದ್ದೆಯಿಲ್ಲದ ವಾರಗಳು. ಫೋನು ಬಂದಾಗ ಪೆರಿಕ್ಲಿಸ್ ಏರುದನಿಯಲ್ಲಿ ಬೈಯುತ್ತಲೇ ಶುರುಮಾಡಿದ. ಈ ಸಲ ಮರ್ಯಾದೆಯ ಮಾತಿಲ್ಲ ಎಂದು ಆರ್ಗಿರಿಸನಿಗೆ ಜೀವ ಬಂದಂತಾಯಿತು.

"ಹಣ್ಣು ಕಲ್ಲು ಕಣಯ್ಯಾ, ತಲೆ ಒಡೀಬಹುದು. ಮುಂದಿನ ವರ್ಷದ್ದೂ ಬೇರೆಯವರಿಗೆ ಕೊಡಬೇಡ. ಆದ್ರೆ ನಿನ್ನ ನಾದಿನಿ ಬೆಳಿಗ್ಗೆನೇ ಬಂದು ಕೈಗವಸು ಬಿಚ್ಚಿ ಆ ಬಾಗಿಲಿಗೆ ಅಂಗೈ ಇಟ್ಟು ನಿಂತುಬಿಟ್ಟಳು. ಇಲ್ಲಿ ಮೂಳೆ ಕೊರೆಯೋ ಚಳಿ, ಕೈ ಅಂಟ್ಕೊಳ್ಳತ್ತೆ ಬಾರೇ ಅಂದ್ರೆ ಕೇಳಲ್ಲ. ನನ್ನ ಆಳುಗಳೆಲ್ಲ ಟೋಪಿ ತೆಗೆದು ನಿಂತ್ಕೊಂಡ್ರು, ಚರ್ಚಿನಲ್ಲಿ ನಿಂತ ಹಾಗೆ. ಕಾಲು ಗಂಟೆ ಒಂದು ರಟ್ಟೂ ಇಳೀಲಿಲ್ಲ. ಅದರ ಕೂಲಿ ನಿನ್ನಿಂದಲೇ ಹಿಡ್ಕೋತೀನಿ, ತಿಳ್ಕೋ."

"ಹಿಡ್ಕೋ," ಅಂದ ಆರ್ಗಿರಿಸ್. "ಪ್ರತಿ ಕಂಟೇನರಿಗೂ ಹಿಡ್ಕೋ."